ಕೂಸಿನ ಮೊದಲ ತುತ್ತು: ಹೇಳುವವರು, ಬೈಯುವವರು

ಯಾರೂ ಕೇಳದೆ ಇನ್ನೊಬ್ಬರ ಕೂಸಿನ ವಿಷಯದಲ್ಲಿ ಬುದ್ಧಿ ಹೇಳಬಹುದೆ? ಈ ಪ್ರಶ್ನೆ ನಮಗೆ ಪುಸ್ತಕದಿಂದ ಹುಟ್ಟಿದ್ದಲ್ಲ. ನಮ್ಮ ಕೇರಿಯ ಒಂದು ಮನೆಯ ಬಾಗಿಲಲ್ಲಿ ಹುಟ್ಟಿದ್ದು.

ಹತ್ತಿ ಹೊಲದ ಕಸ ತೆಗೆಯುವ ಹಂಗಾಮು. ಪಕ್ಕದ ಮನೆಯ ಅಕ್ಕ ಹೊತ್ತು ಮೂಡುವ ಮೊದಲೇ ಕೂಲಿಗೆ ಹೋಗಿದ್ದಳು. ಎಂಟು ತಿಂಗಳ ಕೂಸು ಏಳು ವರ್ಷದ ಹಿರಿಮಗಳ ಕಂಕುಳಲ್ಲಿ. ಆ ಹುಡುಗಿ ಚಹಾದಲ್ಲಿ ಬಿಸ್ಕೀಟು ಅದ್ದಿ ಕೂಸಿನ ಬಾಯಿಗೆ ಇಡುತ್ತಿದ್ದಳು. ಕೂಸಿನ ಮುಷ್ಟಿಯಲ್ಲಿ ನಾಲ್ಕು ಶೇಂಗಾ ಕಾಳು. ನಮ್ಮ ಮನೆಯಲ್ಲೂ ಏಳು ತಿಂಗಳ ಕೂಸಿದೆ. ದವಾಖಾನೆಯಲ್ಲಿ ಕೊಟ್ಟ ಪುಸ್ತಕ ಓದಿದ್ದೇವೆ. ಮನೆತನದಲ್ಲೇ ಮೊದಲು ಡಿಗ್ರಿ ಮಾಡಿದವರು ಬೇರೆ. ಸುಮ್ಮನಿರಲು ಆಗಲಿಲ್ಲ. ಕಾಳು ಕಸಿದುಕೊಂಡೆವು. ಸಂಜೆ ಅಕ್ಕ ಬಂದೊಡನೆ ಅವಳ ಬಾಗಿಲಲ್ಲಿ ನಿಂತು ಒಂದೇ ಉಸಿರಿಗೆ ಹೇಳಿದೆವು. ಚಹಾ ಕೊಡಬೇಡ, ಇಡೀ ಶೇಂಗಾ ಕೊಟ್ಟರೆ ಗಂಟಲಿಗೆ ಸಿಗುತ್ತದೆ, ಬೇಳೆ ಬೇಯಿಸಿ ಮೆದಿ, ತತ್ತಿ ಕೊಡು, ನೀರು ಕಾಸು...

ಅಕ್ಕ ತಲೆಯ ಮೇಲಿನ ಕಟ್ಟಿಗೆ ಹೊರೆ ಇಳಿಸಿದಳು. ಕೂಸನ್ನು ಎತ್ತಿ ಮೊಲೆಗೆ ಹಚ್ಚಿದಳು. ಆಮೇಲೆ ಅಂದಳು:

"ತಮ್ಮಾ, ನೀ ಹೇಳೂದು ಖರೇ ಇರಬೇಕು, ನೀ ಓದೀದಿ. ಆದ್ರ ಹೊತ್ತು ಮುಳುಗಿ ಮನಿಗಿ ಬಂದಾಕಿಗಿ ಹಿಂಗ ಬಾಗಲ್ದಾಗ ನಿಂತು ಹೇಳ್ತಾರೇನು? ನಿಮ್ಮವ್ವ ನಿನಗ ಏನ್ ತಿನಿಸಿ ಜ್ವಾಪಾನ ಮಾಡ್ಯಾಳ, ಮೊದಲ ಅದನ್ನ ಕೇಳಿ ಬಾ."

ನಾವು ಹೋಗಿ ಅವ್ವನನ್ನು ಕೇಳಿದೆವು. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ನಮಗಿಂತ ಮೊದಲು ಈ ಮನೆಯಲ್ಲಿ ಒಂದು ಹೆಣ್ಣು ಕೂಸಿತ್ತು ಎಂದಳು. ನಮಗೊಬ್ಬಳು ಅಕ್ಕ ಇದ್ದಳೆಂಬುದೇ ನಮಗೆ ಅಂದಿನ ತನಕ ಗೊತ್ತಿರಲಿಲ್ಲ.

"ಹನ್ನೊಂದು ತಿಂಗಳಿತ್ತು. ಗೌಡರ ಹೊಲಕ್ಕ ಹೋಗ್ತಿದ್ದೆ. ಬುತ್ತಿ ಬಿಚ್ಚೂ ತನಕ ಮೊಲಿ ಕುಡಿಸೂ ಹಂಗಿದ್ದಿಲ್ಲ. ಮುಂಜಾನಿ ಕಾಸಿದ ಗಂಜಿ ಸಂಜಿ ತನಕ ಗಡಗ್ಯಾಗ ಇರ್ತಿತ್ತು, ನಿಮ್ಮಾಯಿ ಅದನ್ನೇ ಕುಡಸ್ತಿದ್ಲು. ವಾಂತಿ-ಭೇದಿ ಹತ್ತಿತು. ನೀರು ಕೊಟ್ರ ಹೆಚ್ಚಾಗ್ತದ ಅಂತ ನೀರೂ ಕೊಡಲಿಲ್ಲ. ದವಾಖಾನಿಗಿ ಒಯ್ದ್ರ ಅಲ್ಲಿದ್ದಾಕಿ, ಹಡಿಯೂದೊಂದು ಕಲ್ತೀರಿ ಸಾಕೂದು ಕಲ್ತಿಲ್ಲ ಅಂದ್ಲು. ಹೇಳವ್ರು ಯಾರೂ ಇದ್ದಿಲ್ಲಪ್ಪ. ಬೈಯವ್ರು ಮಾತ್ರ ಇದ್ರು."

ಒಬ್ಬಾಕೆ ಹೇಳಬೇಡ ಎಂದಳು. ಇನ್ನೊಬ್ಬಾಕೆ ಹೇಳುವವರಿಲ್ಲದೆ ಕೂಸು ಹೋಯಿತೆಂದಳು. ಇಬ್ಬರದೂ ನಿಜ. ಈ ಎರಡು ನಿಜಗಳ ನಡುವೆ ಸಿಕ್ಕಿಬಿದ್ದ ನಾವು, ನಮ್ಮ ತಾಯಂದಿರಿಗೆ ಇದುವರೆಗೆ ಯಾರು ಯಾರು ಬುದ್ಧಿ ಹೇಳಿದರು, ಹೇಗೆ ಹೇಳಿದರು ಎಂದು ಹಿಂದಿರುಗಿ ನೋಡಬೇಕಾಯಿತು.

೧

ಮೊದಲು ಹೇಳಿದವರು ಶಾಸ್ತ್ರದವರು. ಆರನೆಯ ತಿಂಗಳಲ್ಲಿ ಕೂಸಿಗೆ ಅನ್ನಪ್ರಾಶನ ಮಾಡಬೇಕೆಂದು ಗೃಹ್ಯಸೂತ್ರಗಳು ವಿಧಿಸಿದವು. ಆರು ತಿಂಗಳೆಂಬ ಲೆಕ್ಕ ತಪ್ಪಲ್ಲ. ಇವತ್ತಿನ ವೈದ್ಯರೂ ಅದನ್ನೇ ಹೇಳುತ್ತಾರೆ. ಆದರೆ ಆ ಮಾತು ಯಾರ ಮನೆಯ ಕೂಸಿಗೆ ಹೇಳಿದ್ದು? ಮಂತ್ರ ಕೇಳುವ ಹಕ್ಕಿದ್ದವರ ಮನೆಯ ಕೂಸಿಗೆ. ಊರ ಹೊರಗಿನ ಕೇರಿಗೆ ಮಂತ್ರವೂ ಬರಲಿಲ್ಲ, ತುಪ್ಪವೂ ಬರಲಿಲ್ಲ. ಇಲ್ಲಿ ಅವ್ವ ತನ್ನ ತಾಟಿನಲ್ಲಿದ್ದ ರೊಟ್ಟಿಯನ್ನು ನುರಿದು ಬಾಯಿಗಿಟ್ಟ ದಿನವೇ ಅನ್ನಪ್ರಾಶನ. ಮುಂದಿನ ಬಸಿರು ನಿಂತಾಗ ಮೊಲೆಗೆ ಬೇವಿನ ರಸ ಹಚ್ಚಿದ ದಿನವೇ ಹಾಲು ಬಿಡಿಸಿದ ದಿನ.

ಅದೇ ಶಾಸ್ತ್ರದಲ್ಲಿ ಇನ್ನೊಂದು ಸಂಗತಿ ಇದೆ. ಆಶ್ವಲಾಯನ ಗೃಹ್ಯಸೂತ್ರವು ಕೂಸಿನ ಮೊದಲ ಊಟಕ್ಕೆ ತುಪ್ಪದನ್ನದ ಜೊತೆಗೆ ಆಡಿನ ಮಾಂಸವನ್ನೂ ಗೌಜಲಕ್ಕಿಯ ಮಾಂಸವನ್ನೂ ಹೇಳುತ್ತದೆ. ಓದುಗರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಬೇಕಾಗುತ್ತದೆ.

ಕೇರಿಯಲ್ಲಿ ತಾಯಂದಿರಿಗೆ ಹೇಳುವವಳು ಸೂಲಗಿತ್ತಿ. ಅವಳು ಬಾಯಿಂದ ಹೇಳುವುದಕ್ಕಿಂತ ಕೈಯಿಂದ ಹೇಳುವುದು ಹೆಚ್ಚು. ಹೊಕ್ಕಳು ಕೊಯ್ದವಳು, ಎರೆದವಳು, ಬಾಣಂತಿಗೆ ಕಾವು ಕೊಟ್ಟವಳು ಅವಳೇ. ಊರೊಳಗಿನವರೂ ಹೆರಿಗೆಗೆ ಅವಳನ್ನೇ ಕರೆದರು. ಅವಳು ಹೋದ ಮೇಲೆ ಮನೆ ತೊಳೆದುಕೊಂಡರು.

ಆಮೇಲೆ ಬಂದವರು ದೊರೆಸಾನಿಯರು. 1885ರಲ್ಲಿ ವೈಸರಾಯ್ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿ ಹುಟ್ಟಿತು. 1903ರಲ್ಲಿ ಸೂಲಗಿತ್ತಿಯರಿಗೆ ತರಬೇತಿ ಕೊಡಲು ವಿಕ್ಟೋರಿಯಾ ಸ್ಮಾರಕ ನಿಧಿ ಹುಟ್ಟಿತು. 1924ರಲ್ಲಿ ಲೇಡಿ ರೀಡಿಂಗ್ ದೇಶದ ತುಂಬ 'ಶಿಶು ಸಪ್ತಾಹ' ನಡೆಸಿದರು. 1927ರಲ್ಲಿ ಅಮೆರಿಕದ ಕ್ಯಾಥರೀನ್ ಮೇಯೊ ತನ್ನ 'ಮದರ್ ಇಂಡಿಯಾ' ಪುಸ್ತಕದಲ್ಲಿ ಈ ದೇಶದ ಸೂಲಗಿತ್ತಿಯನ್ನು ಕೊಳಕಿನ ಮೂರ್ತಿಯನ್ನಾಗಿ ಮಾಡಿ ಲೋಕಕ್ಕೆ ತೋರಿಸಿದಳು. ಅವರು ಹೇಳಿದ್ದರಲ್ಲಿ ನಿಜವೂ ಇತ್ತು ಎಂದು ಒಪ್ಪಬೇಕು. ತೊಳೆಯದ ಕುಡುಗೋಲಿನಿಂದ ಹೊಕ್ಕಳು ಕೊಯ್ದರೆ ಧನುರ್ವಾಯು ಆಗಿ ಕೂಸು ಸಾಯುತ್ತಿತ್ತು. ಆದರೆ ಕೇರಿಗೆ ಶುದ್ಧ ನೀರಿನ ಬಾವಿ ಮುಟ್ಟಗೊಡದ ಊರಿನ ಬಗ್ಗೆ ಎಷ್ಟು ಜನ ಬರೆದರು? ಕೊಳಕನ್ನು ಕಂಡವರು ಬಾವಿಯ ಸುತ್ತಲಿನ ಜಾತಿಯ ಕಟ್ಟೆಯನ್ನು ಕಾಣಲಿಲ್ಲ.

ಅದೇ ಕಾಲಕ್ಕೆ ಗಡಿಯಾರದ ಬುದ್ಧಿಯೂ ಬಂತು. ನ್ಯೂಜಿಲೆಂಡಿನ ವೈದ್ಯ ಟ್ರೂಬಿ ಕಿಂಗ್ 1907ರಲ್ಲಿ ಒಂದು ಸಂಸ್ಥೆ ಕಟ್ಟಿ, ಕೂಸಿಗೆ ಗಂಟೆ ನೋಡಿ ಹಾಲು ಕುಡಿಸಬೇಕೆಂದು ಸಾರಿದ. ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಆ ಮಾತು ಹಬ್ಬಿತು. ನಮ್ಮ ಸಗರನಾಡು ಆಗ ನಿಜಾಮರ ರಾಜ್ಯದಲ್ಲಿತ್ತು. ಇಲ್ಲಿ ಕೂಲಿ ಹೆಂಗಸಿನ ಮನೆಯಲ್ಲಿ ಗಡಿಯಾರ ಎಲ್ಲಿಂದ ಬರಬೇಕು? ಆದರೂ ಅವಳ ಕೂಸು ಗಂಟೆ ಪ್ರಕಾರವೇ ಹಾಲು ಕುಡಿಯಿತು. ಹೊಲದ ಒಡೆಯ ಬುತ್ತಿ ಬಿಚ್ಚಲು ಬಿಡುವ ಗಂಟೆಯೇ ಆ ಗಂಟೆ.

೨

ಇಷ್ಟು ಜನರ ನಡುವೆ ಬೇರೆಯಾಗಿ ಮಾತಾಡಿದವರು ಒಬ್ಬರಿದ್ದರು. ಬಾಬಾಸಾಹೇಬ ಅಂಬೇಡ್ಕರ್ ಮತ್ತು ರಮಾಬಾಯಿಯವರು ನಾಲ್ಕು ಮಕ್ಕಳನ್ನು ಎಳವೆಯಲ್ಲೇ ಮಣ್ಣಿಗೆ ಕೊಟ್ಟವರು. ಕೊನೆಯ ಮಗ ರಾಜರತ್ನ ತೀರಿಕೊಂಡದ್ದು 1926ರಲ್ಲಿ. ಎರಡು ವರ್ಷಗಳ ನಂತರ, 1928ರ ಜುಲೈ 28ರಂದು, ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆಯ ಪರವಾಗಿ ಅವರು ಎದ್ದು ನಿಂತರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಅದರ ಖರ್ಚನ್ನು ಮಾಲಿಕರೂ ಸರಕಾರವೂ ಹೊರಬೇಕು ಎಂದು ವಾದಿಸಿದರು. ಮರುವರ್ಷ, 1929ರಲ್ಲಿ, ಮುಂಬಯಿ ಪ್ರಾಂತದಲ್ಲಿ ಆ ಕಾಯ್ದೆ ಬಂತು.

ಗಮನಿಸಿ ಗೆಳೆಯರೆ. ತಾಯಂದಿರು ಹೇಗೆ ಸಾಕಬೇಕೆಂದು ಅವರು ಅಲ್ಲಿ ಪಾಠ ಹೇಳಲಿಲ್ಲ. ಸಾಕಲು ಬಿಡದವರಿಗೆ ಹೇಳಿದರು. ಅವರ ಬುದ್ಧಿಮಾತಿನ ಮುಖ ಮೇಲಕ್ಕೆ, ಗಿರಣಿ ಮಾಲಿಕನ ಕಡೆಗೆ ತಿರುಗಿತ್ತು. ಆ ಕಾಯ್ದೆ ಕಾರ್ಖಾನೆಯ ಹೆಂಗಸರಿಗೆ ಸಿಕ್ಕಿತು. ದಿನಗೂಲಿಯ ಹತ್ತಿ ಹೊಲಕ್ಕೆ, ಮೆಣಸಿನಕಾಯಿ ಹೊಲಕ್ಕೆ ಆ ರಜೆ ಬಂದು ಮುಟ್ಟಲಿಲ್ಲ.

೩

ಬೈಯದೆ, ನಗುನಗುತ್ತಾ ಬುದ್ಧಿ ಹೇಳಿದವರೂ ಇದ್ದರು. ಅವರೇ ಡಬ್ಬಿ ಹಾಲಿನ ಕಂಪನಿಯವರು.

ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1930ರ ದಶಕದಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ, ಅಂದರೆ ಇವತ್ತಿನ ಘಾನಾದಲ್ಲಿ ಕೆಲಸ ಮಾಡುತ್ತಿದ್ದಳು. ಮೊಲೆ ಬಿಟ್ಟ ಮಕ್ಕಳು ಮೈ ಬಾತು, ಕೂದಲು ಕೆಂಚಾಗಿ ಸಾಯುತ್ತಿದ್ದವು. ಆಕೆ ಅಲ್ಲಿಯ ತಾಯಂದಿರನ್ನೇ ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದಳು. ಅವರು 'ಕ್ವಾಶಿಯೋರ್ಕರ್' ಎಂದರು. ಹಿಂದೆ ಇನ್ನೊಂದು ಕೂಸು ಹುಟ್ಟಿದಾಗ ಮುಂದಿನ ಕೂಸಿಗೆ ಹತ್ತುವ ಬೇನೆ ಎಂದು ಗಾ ಭಾಷೆಯಲ್ಲಿ ಅದರ ಅರ್ಥ. ರೋಗದ ಕಾರಣ ಆ ಹೆಸರಿನಲ್ಲೇ ಇತ್ತು. ಮೊಲೆಹಾಲು ತಪ್ಪಿತು, ಬದಲಿಗೆ ಬರೀ ಹಿಟ್ಟಿನ ಗಂಜಿ ಬಂತು, ಮೈ ಕಟ್ಟುವ ಆಹಾರ ಬರಲಿಲ್ಲ. ಇವತ್ತಿಗೂ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಇರುವುದು ಓದುಬರಹ ಬಾರದ ಆ ತಾಯಂದಿರು ಇಟ್ಟ ಹೆಸರೇ.

ಅದೇ ವಿಲಿಯಮ್ಸ್ 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ 'ಹಾಲು ಮತ್ತು ಕೊಲೆ' ಎಂಬ ಭಾಷಣ ಮಾಡಿದಳು. ನರ್ಸಿನ ಬಟ್ಟೆ ತೊಡಿಸಿದ ಹೆಂಗಸರನ್ನು ಮನೆಮನೆಗೆ ಕಳಿಸಿ, ನಿಮ್ಮ ಮೊಲೆಹಾಲಿಗಿಂತ ಡಬ್ಬಿ ಹಾಲು ಮೇಲು ಎಂದು ಹೇಳಿಸುವುದು ಕೊಲೆಗೆ ಸಮ ಎಂದಳು. ಬಡವರ ಮನೆಯಲ್ಲಿ ಆಗುವುದೇನು? ಡಬ್ಬಿ ಬೇಗ ತೀರಬಾರದೆಂದು ಪುಡಿ ಕಡಿಮೆ ಮಾಡಿ ನೀರು ಹೆಚ್ಚು ಹಾಕುತ್ತಾರೆ. ಕಾಸದ ನೀರು, ತೊಳೆಯಲಾಗದ ಬಾಟಲಿ. ಕೂಸಿಗೆ ಭೇದಿ. ಅಷ್ಟರಲ್ಲಿ ತಾಯಿಯ ಹಾಲೂ ಬತ್ತಿರುತ್ತದೆ.

ಲೋಕ ಕಿವಿಗೊಡಲು ನಲವತ್ತು ವರ್ಷ ಬೇಕಾಯಿತು. 1977ರಲ್ಲಿ ನೆಸ್ಲೆ ಮಾಲಿನ ವಿರುದ್ಧ ಅಮೆರಿಕದಲ್ಲಿ ಬಹಿಷ್ಕಾರ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಡಬ್ಬಿ ಹಾಲಿನ ಮಾರಾಟಕ್ಕೆ ನಿಯಮ ಮಾಡಿದಾಗ 118 ದೇಶಗಳು ಪರವಾಗಿ, ಒಂದೇ ದೇಶ ವಿರುದ್ಧವಾಗಿ ಮತ ಹಾಕಿತು. ಆ ಒಂದು ದೇಶ ಅಮೆರಿಕ. ನಮ್ಮ ದೇಶದಲ್ಲಿ ಡಬ್ಬಿ ಹಾಲಿನ ಜಾಹೀರಾತು ನಿಷೇಧಿಸುವ ಕಾಯ್ದೆ ಬಂದದ್ದು 1992ರಲ್ಲಿ. ಕೇಳದೆ ಹೇಳುವ ಬುದ್ಧಿಯ ಹಿಂದೆ ವ್ಯಾಪಾರ ಇರಬಹುದು ಎಂಬುದನ್ನು ಈ ಚರಿತ್ರೆ ಕಲಿಸುತ್ತದೆ.

೪

ಸರಕಾರದ ಬುದ್ಧಿಮಾತು ಬಂದದ್ದು ಅಂಗನವಾಡಿಯಿಂದ. 1975ರ ಅಕ್ಟೋಬರ್ 2ರಂದು, ತುರ್ತು ಪರಿಸ್ಥಿತಿಯ ಕಾಲದಲ್ಲಿ, ದೇಶದಲ್ಲಿ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದ ಪಾಲಿಗೆ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ನಮ್ಮ ಕಡೆಗೆ ನಿಧಾನವಾಗಿ ಬಂತು. ಆದರೂ ಕೇರಿಯ ಕೂಸಿನ ತೂಕವನ್ನು ಮೊದಲ ಬಾರಿಗೆ ಯಾರೋ ಬರೆದುಕೊಂಡದ್ದು ಇಲ್ಲಿಯೇ. ಅದು ಸಣ್ಣ ಮಾತಲ್ಲ. ದಲಿತ ಸಹಾಯಕಿ ಅಡುಗೆ ಮಾಡುತ್ತಾಳೆಂದು ಮಕ್ಕಳನ್ನು ಅಂಗನವಾಡಿಗೆ ಕಳಿಸದ ಊರುಗಳೂ ಈ ನಾಡಿನಲ್ಲಿವೆ. ಅದೂ ಸಣ್ಣ ಮಾತಲ್ಲ.

ಆದರೆ ಹೇಳುವ ಮಾತು ಬದಲಾಗುತ್ತಲೇ ಬಂತು. ಮೊದಲು ನಾಲ್ಕು ತಿಂಗಳಿಗೆ ಮೇಲಾಹಾರ ಶುರು ಮಾಡಿ ಎಂದರು. 2001ರಲ್ಲಿ ವಿಶ್ವ ಆರೋಗ್ಯ ಸಭೆ ಆರು ತಿಂಗಳ ತನಕ ಬರೀ ಮೊಲೆಹಾಲು ಎಂದಿತು. 2003ರಲ್ಲಿ ನಮ್ಮ ಕಾಯ್ದೆಯಲ್ಲೂ ನಾಲ್ಕು ಹೋಗಿ ಆರು ಆಯಿತು. ಶೇಂಗಾದ ಕಥೆಯೂ ಹೀಗೆಯೇ. 2000ದ ಸುಮಾರಿಗೆ ಅಮೆರಿಕದ ಮಕ್ಕಳ ವೈದ್ಯರು, ಒಗ್ಗದಿರುವ ಅಪಾಯ ಇರುವ ಮಕ್ಕಳಿಗೆ ಮೂರು ವರ್ಷದ ತನಕ ಶೇಂಗಾ ಬೇಡ ಎಂದರು. 2015ರಲ್ಲಿ ಬಂದ ಅಧ್ಯಯನ, ಅಂಥ ಮಕ್ಕಳಿಗೂ ಬೇಗನೆ ಅರೆದು ತಿನ್ನಿಸಿದರೆ ಆ ತೊಂದರೆ ಕಡಿಮೆಯಾಗುತ್ತದೆ ಎಂದು ತೋರಿಸಿತು. ಇಡೀ ಕಾಳು ಮಾತ್ರ ಅಂದೂ ಅಪಾಯ, ಇಂದೂ ಅಪಾಯ. ವಿಜ್ಞಾನ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತದೆ. ಅದು ಅದರ ದೊಡ್ಡತನ. ಆದರೆ ನಾಲ್ಕು ತಿಂಗಳಿಗೆ ಗಂಜಿ ಕುಡಿಸಿದ ಅಜ್ಜಿ ಅಂದು ಸರಕಾರ ಹೇಳಿದ್ದನ್ನೇ ಮಾಡಿದ್ದಳು. ಇವತ್ತು ಅವಳ ಮೊಮ್ಮಗಳ ಮುಂದೆ ಅವಳನ್ನು ಮೂಢಳೆನ್ನುವ ನಾವು ಯಾರು?

ಇನ್ನೊಂದು ಲೆಕ್ಕ ನೋಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾದಗಿರಿ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 2019-21ರ ಸಮೀಕ್ಷೆಯ ಪ್ರಕಾರ ಇಡೀ ದೇಶದಲ್ಲಿ ಆರರಿಂದ ಇಪ್ಪತ್ತಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಊಟ ಸಿಕ್ಕಿದ್ದು ನೂರಕ್ಕೆ ಸುಮಾರು 11 ಮಕ್ಕಳಿಗೆ. ಉಳಿದ 89 ಮಕ್ಕಳ ತಾಯಂದಿರೆಲ್ಲ ತಿಳಿವಳಿಕೆ ಇಲ್ಲದವರೆ? ಬುದ್ಧಿ ಕಡಿಮೆಯಾಗಿ ಅಲ್ಲ, ಬೇಳೆ ಕಡಿಮೆಯಾಗಿ, ಹೊತ್ತು ಕಡಿಮೆಯಾಗಿ ಕೂಸು ಸೊರಗುತ್ತದೆ. ಗುಳೆ ಹೋದ ತಾಯಿ ಬೆಂಗಳೂರಿನ ಕಟ್ಟಡದ ಕೆಳಗೆ ಮೂರು ಕಲ್ಲಿನ ಒಲೆ ಹೂಡಿದಾಗ, ದಿನಕ್ಕೆ ಮೂರು ನಾಲ್ಕು ಸಲ ಬಿಸಿಯಾಗಿ ಮಾಡಿ ತಿನ್ನಿಸು ಎಂದರೆ ಅವಳು ನಗದೆ ಏನು ಮಾಡಬೇಕು?

೫

ಹಾಗಾದರೆ ಸುಮ್ಮನಿರಬೇಕೆ? ಇಲ್ಲ. ಕೇಳದೆ ಹೇಳಿ ಲಕ್ಷಾಂತರ ಕೂಸುಗಳನ್ನು ಉಳಿಸಿದವರೂ ಇದ್ದಾರೆ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿ ತೀರಿದಾಗ ಡಾ. ದಿಲೀಪ್ ಮಹಾಲನಬೀಸ್ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿದರು. ಸಾವು ಬಹಳ ಕಡಿಮೆಯಾಯಿತು. ಭೇದಿ ಹತ್ತಿದ ಕೂಸಿಗೆ ನೀರು ಬೇಡ ಎಂಬ ನಂಬಿಕೆ ತಪ್ಪೆಂದು ಎಲ್ಲರ ಕಣ್ಣಿಗೆ ಕಂಡಿತು. ಅವ್ವನ ಕೂಸಿಗೆ ಬೇಕಾಗಿದ್ದುದು ಇಷ್ಟೇ.

1980ರಿಂದ 1990ರ ವರೆಗೆ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯವರು ಮನೆಮನೆಗೆ ಹೋಗಿ ಒಂದು ಕೋಟಿ 20 ಲಕ್ಷಕ್ಕೂ ಮಿಕ್ಕಿದ ಮನೆಗಳಲ್ಲಿ ಇದನ್ನು ಕಲಿಸಿದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅಳತೆಯ ನೀರು. ಯಾರೂ ಅವರನ್ನು ಕರೆದಿರಲಿಲ್ಲ. ಆದರೂ ಅದು ಫಲಿಸಿತು, ಯಾಕೆ? ಕಲಿಸಿ ಹೋದ ಮೇಲೆ ಇನ್ನೊಬ್ಬರು ಬಂದು ತಾಯಿಗೆ ಎಷ್ಟು ನೆನಪಿದೆ ಎಂದು ನೋಡುತ್ತಿದ್ದರು. ಕಲಿಸಿದವಳ ಪಗಾರ ಅದರ ಮೇಲೆ. ತಾಯಿ ಮರೆತರೆ ತಾಯಿ ದಡ್ಡಿ ಎಂದಲ್ಲ, ಕಲಿಸಿದವಳು ಸರಿಯಾಗಿ ಕಲಿಸಲಿಲ್ಲ ಎಂದು ಲೆಕ್ಕ. ಮೊದಮೊದಲು ತಾಯಂದಿರು ಕಲಿತರೂ ಬಳಸಲಿಲ್ಲ. ಹುಡುಕಿ ನೋಡಿದರೆ, ಕಲಿಸುವವರಲ್ಲಿ ಅನೇಕರು ತಮಗೇ ಭೇದಿಯಾದಾಗ ಆ ನೀರು ಕುಡಿಯುತ್ತಿರಲಿಲ್ಲ! ಮನೆಯ ಗಂಡಸರಿಗೂ ಯಾರೂ ಹೇಳಿರಲಿಲ್ಲ. ಎರಡನ್ನೂ ತಿದ್ದಿಕೊಂಡರು. ತಪ್ಪನ್ನು ತಾಯಿಯ ತಲೆಗೆ ಕಟ್ಟದೆ ತಮ್ಮಲ್ಲಿ ಹುಡುಕಿದ ಬುದ್ಧಿಮಾತು ಅದು.

ಇದಕ್ಕೆ ಎದುರಾಗಿ ನಮ್ಮದೇ ನೆಲದ ಒಂದು ಚಿತ್ರ ಇಡೋಣ. 2021ರ ಡಿಸೆಂಬರಿನಲ್ಲಿ ಯಾದಗಿರಿ ಮೊದಲಾದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿದಾಗ, ಕೆಲವು ಮಠಾಧೀಶರು ಕೊಡಬೇಡಿ ಎಂದು ಎದ್ದರು. ಯಾವ ತಾಯಿಯೂ ಅವರ ಬುದ್ಧಿ ಕೇಳಲು ಹೋಗಿರಲಿಲ್ಲ. ಬೇಡವೆಂದ ಮಕ್ಕಳಿಗೆ ಬಾಳೆಹಣ್ಣು ಇತ್ತು. ಗಂಗಾವತಿಯ ಒಬ್ಬ ವಿದ್ಯಾರ್ಥಿನಿ, ನಮ್ಮ ತತ್ತಿ ಕಸಿಯಲು ನೀವು ಯಾರು ಎಂಬ ಅರ್ಥದಲ್ಲಿ ಮಾತಾಡಿದ್ದನ್ನು ನಾಡೆಲ್ಲ ಕೇಳಿತು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ತತ್ತಿ ತಿಂದ ಯಾದಗಿರಿಯ ಮಕ್ಕಳನ್ನು ತತ್ತಿ ಸಿಗದ ಗದಗಿನ ಮಕ್ಕಳ ಜೊತೆ ತೂಗಿ ನೋಡಿದರು. 2022ರಲ್ಲಿ ಬಂದ ಆ ವರದಿಯಲ್ಲಿ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು. ಆಡಿನ ಮಾಂಸ, ಗೌಜಲಕ್ಕಿಯ ಮಾಂಸ ಕೂಸಿಗೆ ಹೇಳಿದ ಆಶ್ವಲಾಯನರು ಇದ್ದಿದ್ದರೆ ಯಾರ ಕಡೆ ಕೂಡುತ್ತಿದ್ದರೋ, ಓದುಗರೇ ಯೋಚಿಸಲಿ.

೬

ಇಷ್ಟು ನೋಡಿದ ಮೇಲೆ ನಮಗೆ ತಿಳಿದದ್ದನ್ನು ಸರಳವಾಗಿ ಹೇಳುತ್ತೇವೆ.

ಜೀವಕ್ಕೆ ಕುತ್ತು ಇದ್ದರೆ ಕೇಳುವ ತನಕ ಕಾಯಬಾರದು. ಇಡೀ ಶೇಂಗಾ, ಪುಠಾಣಿ, ಗಟ್ಟಿ ತುಂಡು ಕೂಸಿನ ಕೈಯಲ್ಲಿ ಕಂಡರೆ ಮೊದಲು ತೆಗೆಯಬೇಕು. ಮಲಗಿಸಿ ಉಣ್ಣಿಸುತ್ತಿದ್ದರೆ ಎತ್ತಿ ಕೂಡಿಸಬೇಕು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುತ್ತಿದ್ದರೆ, ಬಾಟಲಿಯಲ್ಲಿ ನೀರು ಹಾಲು ಕೊಡುತ್ತಿದ್ದರೆ, ಭೇದಿಗೆ ನೀರು ನಿಲ್ಲಿಸಿದ್ದರೆ ಹೇಳಲೇಬೇಕು. ಇದರಲ್ಲಿ ಮುಜುಗರ ಪಟ್ಟರೆ ಅದು ಮರ್ಯಾದೆ ಅಲ್ಲ, ಹೇಡಿತನ.

ಉಳಿದದ್ದಕ್ಕೆ ಮೊದಲು ಕೇಳಬೇಕು. ಆರು ತಿಂಗಳು ತುಂಬಿ ಕತ್ತು ನಿಂತ ಮೇಲೆ ಜೋಳದ ಗಂಜಿ ನೀರಾಗಿರದೆ ಚಮಚೆಯಲ್ಲಿ ನಿಲ್ಲುವಷ್ಟು ಗಟ್ಟಿ ಇರಲಿ. ಬೇಳೆ, ಸೊಪ್ಪು, ಶೇಂಗಾ ಪುಡಿ, ಬೇಯಿಸಿದ ತತ್ತಿ ಸೇರಲಿ. ಎರಡು ವರ್ಷ ಮೊಲೆ ಬಿಡಿಸದಿರಲಿ. ಇದೆಲ್ಲ ಒಳ್ಳೆಯ ಮಾತೇ. ಆದರೆ ಇದನ್ನು ಹೇಳುವ ಮುಂಚೆ ಆ ಮನೆಯ ಡಬ್ಬಿಯಲ್ಲಿ ಬೇಳೆ ಇದೆಯೆ, ಉಣ್ಣಿಸುವ ಕೈ ಯಾರದು ಎಂದು ತಿಳಿಯಬೇಕು. ನಾವು ತಾಯಿಗೆ ಹೇಳಿದೆವು. ಉಣ್ಣಿಸುವವಳು ಏಳು ವರ್ಷದ ಹುಡುಗಿ. ಅವಳು ಶಾಲೆಯಲ್ಲಿ ಇರಬೇಕಾದವಳು.

ಮೂರನೆಯದು, ಬುದ್ಧಿಮಾತಿನ ಮುಖ ಮೇಲಕ್ಕೂ ತಿರುಗಬೇಕು. ಐದು ಮಕ್ಕಳು ಸೇರಿದ ಕಡೆ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಬರೆದಿತ್ತು. ಎಷ್ಟು ಕೆರೆ ಹೂಳೆತ್ತುವ ಕಡೆ ಆ ಹೆಂಗಸನ್ನು ಕಂಡಿದ್ದೇವೆ? 2023ರಲ್ಲಿ ರಾಜ್ಯ ಸರಕಾರ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಎಂಬ ಯೋಜನೆ ತಂದಿತು. ನಿಮ್ಮೂರಿನ ಕೂಸಿನ ಮನೆಗೆ ಬೀಗ ಇದೆಯೆ, ಬಾಗಿಲು ತೆರೆದಿದೆಯೆ? ಪಂಚಾಯಿತಿಗೆ ಹೋಗಿ ಇದನ್ನು ಕೇಳದವನು ತಾಯಿಯ ಬಾಗಿಲಿಗೆ ಹೋಗಿ ತತ್ತಿ ತಿನ್ನಿಸು ಎನ್ನಬಾರದು.

ಮರುವಾರ ನಾವು ಮತ್ತೆ ಅಕ್ಕನ ಮನೆಗೆ ಹೋದೆವು. ಒಂದು ಸೇರು ಬೇಳೆ, ಹುರಿದು ಕುಟ್ಟಿದ ಶೇಂಗಾ ಪುಡಿ ಒಯ್ದಿದ್ದೆವು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಕೂಸು ಅಳುತ್ತಿತ್ತು. ಕೈ ತೊಳೆದುಕೊಂಡು ಎತ್ತಿಕೊಂಡೆವು. ಬಹಳ ಹೊತ್ತಿನ ಮೇಲೆ ಕೇಳಿದೆವು:

"ಅಕ್ಕಾ, ಒಂದು ಮಾತು ಹೇಳ್ಲೇನು?"

ಅವಳು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ ಅಂದಳು:

"ಹೇಳು. ಆದ್ರ ನಿಂತು ಹೇಳಬ್ಯಾಡ, ಕುಂತು ಹೇಳು."